ಒಳಗಿರುವ ಮಗನಿಗೂ ಸುದ್ದಿ ಮುಟ್ಟಿಸಿ



ಮನೆಯಲ್ಲಿ ಸಾವಾದರೆ ಮೊದಲು ಮಾಡುವುದೇ ಸುದ್ದಿ ಮುಟ್ಟಿಸುವ ಕೆಲಸ. ದೂರದ ಊರಿನ ನೆಂಟರು ಬರುವ ತನಕ ಹೆಣ ಎತ್ತುವುದಿಲ್ಲ. ಜೈಲಿನಲ್ಲಿರುವ ಮಗನ ಮಾತು ಬಂದರೆ ಮಾತ್ರ, "ಅವನಿಗೆ ಈಗ್ಲೇ ಹೇಳೋದು ಬೇಡ, ಒಳಗೆ ಏನಾದ್ರೂ ಮಾಡ್ಕೊಂಡಾನು" ಅನ್ನುತ್ತೇವೆ. ತಿಂಗಳು ಕಳೆದು ಭೇಟಿಗೆ ಹೋದ ಅಮ್ಮನ ಬರಿಗೊರಳು ಕಂಡು, ಅಪ್ಪ ಇಲ್ಲವೆಂದು ಅವನೇ ತಿಳಿದುಕೊಳ್ಳುತ್ತಾನೆ. ಆಮೇಲೆ ತುಂಬಿದ ಬ್ಯಾರಕ್ಕಿನಲ್ಲಿ ಅಳುವುದಕ್ಕೂ ಒಂದು ಮೂಲೆ ಇರುವುದಿಲ್ಲ.

2022ರ ಕೊನೆಯ ಸರ್ಕಾರಿ ಲೆಕ್ಕದಂತೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಅವರ ತಪ್ಪು ಇನ್ನೂ ಸಾಬೀತಾಗಿರಲಿಲ್ಲ. ಸಾಬೀತಾದವನೇ ಆಗಲಿ, ಹೆತ್ತವಳಿಗೆ ಹೆಗಲು ಕೊಡಕೂಡದು ಎಂದು ಯಾವ ನ್ಯಾಯಾಧೀಶರು ಶಿಕ್ಷೆ ಬರೆದಿದ್ದಾರೆ?

ದಕ್ಷಿಣ ಆಫ್ರಿಕಾದ ನಾಯಕ ನೆಲ್ಸನ್ ಮಂಡೇಲಾ ಸೆರೆಯಲ್ಲಿದ್ದಾಗ 1968ರಲ್ಲಿ ತಾಯಿ ಹೋದರು, ಮರುವರ್ಷ ಹಿರಿಯ ಮಗ ಹೋದ. ಎರಡು ಸಲವೂ ಮಣ್ಣಿಗೆ ಹೋಗಲು ಬಿಡಲಿಲ್ಲ. ಮಗನ ಸುದ್ದಿ ಬಂದ ದಿನ ಜೊತೆಗೈದಿ ವಾಲ್ಟರ್ ಸಿಸುಲು ಪಕ್ಕದಲ್ಲಿ ಮಂಡಿಯೂರಿ, ಮಾತಿಲ್ಲದೆ ಕೈ ಹಿಡಿದುಕೊಂಡರು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ, ಕೈದಿಗಳ ಕುರಿತ ಮಂಡೇಲಾ ಹೆಸರಿನದೇ ನಿಯಮಗಳ 70ನೆಯದು ಹೇಳುವುದಿಷ್ಟು: ಹತ್ತಿರದವರ ಸಾವನ್ನು ಕೈದಿಗೆ ಕೂಡಲೇ ತಿಳಿಸಬೇಕು, ಸಾಧ್ಯವಿರುವಾಗ ಅಂತ್ಯಕ್ರಿಯೆಗೆ ಕಳಿಸಬೇಕು.

ಹೆಣ ಹೆಚ್ಚು ದಿನ ಕಾಯುವುದಿಲ್ಲ, ಅದಕ್ಕೇ ಹೊತ್ತು ಕಳೆಯಬೇಡಿ. ಜೈಲಿನ ಅಧೀಕ್ಷಕರಿಗೆ ಅಂದೇ ತಿಳಿಸಿ. ಸಾವಿನ ಪುರಾವೆಗೆ ಆಸ್ಪತ್ರೆಯದೋ ಪಂಚಾಯಿತಿಯದೋ ಒಂದು ಕಾಗದ ಕೈಯಲ್ಲಿರಲಿ. ಶಿಕ್ಷೆಯಾದವರಿಗೆ ಪೆರೋಲ್ ಕೇಳಿ. ವಿಚಾರಣಾಧೀನರಾದರೆ ನ್ಯಾಯಾಲಯದಲ್ಲಿ ಮಧ್ಯಂತರ ಜಾಮೀನನ್ನೋ, ಪೊಲೀಸ್ ಬೆಂಗಾವಲಿನಲ್ಲಿ ಹೋಗಿಬರುವ ಅನುಮತಿಯನ್ನೋ ಕೇಳಬೇಕು. ವಕೀಲರಿಗೆ ದುಡ್ಡಿಲ್ಲವೆಂದು ಕೈಚೆಲ್ಲಬೇಡಿ: 1987ರ ಕಾನೂನಿನಂತೆ ಬಂಧನದಲ್ಲಿರುವವರಿಗೆ ಕಾನೂನು ನೆರವು ಉಚಿತ. 15100ಕ್ಕೆ ಫೋನ್ ಮಾಡಿ. ಮನೆಯಲ್ಲಿ ಉಳಿದವರ ದುಃಖಕ್ಕೆ 14416, ಟೆಲಿ ಮಾನಸ್ ಸಹಾಯವಾಣಿ. ಅದೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸರ್ಕಾರವನ್ನು ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಸಾವಿನ ಸುದ್ದಿಯನ್ನು ಸಾಲಿನಲ್ಲಿ ನಿಲ್ಲಿಸಿ ಕೂಗಿ ಹೇಳಬೇಡಿ, ಒಳಗೆ ಕರೆದು, ಕೂರಿಸಿ ಹೇಳಿ. ಅಂದು ಮನೆಗೊಂದು ಫೋನ್ ಮಾಡಲು ಬಿಡಿ. ಹೋಗಲಾಗದವನಿಗೆ ತಿಥಿಯ ದಿನ ದೀಪ ಹಚ್ಚಲು, ದುವಾ ಮಾಡಲು, ಪ್ರಾರ್ಥಿಸಲು ಒಂದು ಗಳಿಗೆ ಕೊಡಿ. ಆಮೇಲಿನ ವಾರಗಳಲ್ಲಿ ಅವನ ಪಕ್ಕ ಕೂರಲು ಒಬ್ಬ ಆಪ್ತ ಸಮಾಲೋಚಕರಿರಲಿ. ತೀರ ಕಷ್ಟದ ದಿನಗಳು ಅವೇ.

ಈ ಮನವಿ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತೇವೆ, ಸಹಿ ಹಾಕಿ. ನಿಮ್ಮ ಬೀದಿಯಲ್ಲಿ ಅಂಥ ಮನೆಯಿದ್ದರೆ, ಸಾವಿನ ದಿನ ಹೆಣದ ಮುಂದೆ ಕೂತವರಲ್ಲಿ ಇಬ್ಬರು ಎದ್ದು ಕೋರ್ಟಿಗೆ ನಡೆಯಿರಿ.

ಇಂತಿ,
ಸೆರೆಯಲ್ಲಿರುವವರ ಮನೆಯವರು, ನೆರೆಹೊರೆಯವರು