ವಿಷಯ ಕೊಟ್ಟು ಬರೆಸಿದ ವರ್ಷಗಳು

ಬರೆಯುವವರಿಗೆ ಈಗ ಆಹ್ವಾನಗಳ ಬರವಿಲ್ಲ. ರಾಜ್ಯೋತ್ಸವಕ್ಕೆ ಕವನ, ಅಮ್ಮಂದಿರ ದಿನಕ್ಕೆ ಲೇಖನ, ಮುಂಗಾರಿಗೆ ಹನಿಗವನ ಎಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪೋಸ್ಟರುಗಳು ಸಾಲುಗಟ್ಟುತ್ತವೆ. ನಮ್ಮ ಈ ಸಣ್ಣ ತ್ರೈಮಾಸಿಕವೂ ಕೆಲವು ವರ್ಷಗಳಿಂದ ಸಂಚಿಕೆಗೊಂದು ವಿಷಯ ಕೊಟ್ಟು ಕವಿತೆ, ಕತೆ, ಪ್ರಬಂಧ ಕೇಳುತ್ತ ಬಂದಿದೆ. ವರ್ಷದ ಕೊನೆಯ ಸಂಚಿಕೆ ಅಚ್ಚಿಗೆ ಹೊರಟಿರುವಾಗ, ಯಾವ ವಿಷಯಕ್ಕೆ ಎಂಥ ಬರಹ ಬಂತು ಎಂದು ಒಮ್ಮೆ ಹಿಂತಿರುಗಿ ನೋಡುವುದು ಒಳ್ಳೆಯದು.

ವಿಷಯ ಕೊಟ್ಟು ಬರೆಸುವುದು ನಮ್ಮಲ್ಲಿ ಹೊಸದೇನಲ್ಲ. ಅವಧಾನದಲ್ಲಿ ಪೃಚ್ಛಕರು ದತ್ತಪದಿಗೆ ಪದಗಳನ್ನು ಒಡ್ಡುತ್ತಾರೆ, ಸಮಸ್ಯೆಗೆ ಸಾಲು ಕೊಡುತ್ತಾರೆ, ನಿಷೇಧಾಕ್ಷರಿಯಲ್ಲಿ ಅಕ್ಷರ ಅಕ್ಷರಕ್ಕೂ ಅಡ್ಡಗಾಲು ಹಾಕುತ್ತಾರೆ. ಶತಾವಧಾನಿ ಆರ್. ಗಣೇಶರ ಅವಧಾನ ಕಂಡವರಿಗೆ ಗೊತ್ತು, ಅಡ್ಡಿ ಬಿಗಿಯಾದಷ್ಟೂ ಪದ್ಯ ಚುರುಕಾಗುತ್ತದೆ. 'ತುಷಾರ'ದ ಚಿತ್ರಕವನವೂ ಇದೇ ಮನೆತನದ್ದು. ಪುಟದಲ್ಲಿ ಒಂದು ಫೋಟೊ ಹಾಕಿ ಪದ್ಯ ಬರೆದು ಕಳಿಸಿ ಎಂದರೆ ಸಾಕು, ಅಲ್ಲಿಯವರೆಗೆ ಪದ್ಯದ ಗೋಜಿಗೆ ಹೋಗದವರೂ ಪೆನ್ನು ಹಿಡಿಯುತ್ತಿದ್ದರು. ಆದರೆ ಹೆಸರು ತಂದುಕೊಡುವ ದೊಡ್ಡ ಬಾಗಿಲುಗಳು ವಿಷಯ ಹೇರಿದವಲ್ಲ. 'ಪ್ರಜಾವಾಣಿ'ಯ ದೀಪಾವಳಿ ಕಥಾಸ್ಪರ್ಧೆಯಾಗಲಿ, 1964ರಲ್ಲಿ ಚಂಪಾ, ಗಿರಡ್ಡಿ, ಪಟ್ಟಣಶೆಟ್ಟಿ ಮೂವರೂ ಸೇರಿ ಧಾರವಾಡದಲ್ಲಿ ಹುಟ್ಟುಹಾಕಿದ 'ಸಂಕ್ರಮಣ'ವಾಗಲಿ, ಹೊಸ ಕತೆಗಾರರಿಗೆಂದೇ ನಡೆಯುವ ಛಂದ ಪುಸ್ತಕದ ಹಸ್ತಪ್ರತಿ ಸ್ಪರ್ಧೆಯಾಗಲಿ ಇಂಥದ್ದನ್ನೇ ಬರೆಯಿರಿ ಎನ್ನಲಿಲ್ಲ.

ಈಚಿನ ವರ್ಷಗಳಲ್ಲಿ ವಿಷಯ ಆರಿಸುವ ಕೆಲಸವನ್ನು ಕ್ಯಾಲೆಂಡರಿಗೆ ಒಪ್ಪಿಸಿಬಿಟ್ಟಿದ್ದೇವೆ. 2019ರಲ್ಲಿ ಗಾಂಧಿ 150, 2022ರಲ್ಲಿ ಸ್ವಾತಂತ್ರ್ಯದ ಅಮೃತ ಮಹೋತ್ಸವ, 2023ರಲ್ಲಿ ಕರ್ನಾಟಕವೆಂಬ ಹೆಸರಿಗೆ 50. ನಡುವೆ 2020ರ ಬೇಸಿಗೆಯಲ್ಲಿ ಎಲ್ಲರಿಗೂ ಬಿಡುವಿತ್ತು, ಎಲ್ಲರಿಗೂ ಒಂದೇ ವಿಷಯವಿತ್ತು. ಆಗ ಬಂದ ಕೊರೊನಾ ಪದ್ಯಗಳಲ್ಲಿ ಹೆಚ್ಚಿನವು ಟಿ.ವಿ. ಹೇಳಿದ್ದನ್ನೇ ಪ್ರಾಸಕ್ಕೆ ಕೂರಿಸಿದ್ದವು.

ನಮ್ಮದೇ ಎರಡು ಸಂಚಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 'ನೀರು' ಎಂದು ಕರೆ ಕೊಟ್ಟಾಗ ಬಂದದ್ದು ಉಪದೇಶದ ಮಹಾಪೂರ. ಹನಿ ಹನಿ ಉಳಿಸಿ, ಗಂಗೆ ತಾಯಿ, ಮುಂದಿನ ಪೀಳಿಗೆ! ಒಂದು ಪದ್ಯವಂತೂ ಮರೆಯುವಂಥದ್ದಲ್ಲ. ಯಾವುದೋ ಸ್ಪರ್ಧೆಗೆ ಅಮ್ಮನ ಮೇಲೆ ಬರೆದದ್ದರಲ್ಲಿ 'ಅಮ್ಮ' ಇದ್ದಲ್ಲೆಲ್ಲ 'ನದಿ' ಸೇರಿಸಿ ಕಳಿಸಿದ್ದರು. ಹಾಗಾಗಿ ನದಿ ಬೆಳಗ್ಗೆ ಎದ್ದು ಅಂಗಳ ಗುಡಿಸಿ, ರಂಗೋಲಿ ಹಾಕಿ, ಮಕ್ಕಳಿಗೆ ಡಬ್ಬಿ ಕಟ್ಟುತ್ತಿತ್ತು. ನಮ್ಮ ಬಳಗದಲ್ಲಿ ಕೆಲವರಿಗೆ ಅದನ್ನು ಹಾಗೇ ಅಚ್ಚುಹಾಕುವ ಆಸೆ.

'ಬಾಡಿಗೆ ಮನೆ' ಎಂದು ಕೇಳಿದಾಗ ನಡೆದದ್ದೇ ಬೇರೆ. ಗೋಡೆಗೆ ಮೊಳೆ ಹೊಡೆಯಕೂಡದು ಎಂಬುದು ಮಾಲೀಕರ ಷರತ್ತು. ಆದ್ದರಿಂದ ದೇವರ ಪಟ, ಮದುವೆಯ ಫೋಟೊ, ಹಾಲಿನ ಲೆಕ್ಕದ ಕ್ಯಾಲೆಂಡರು ಎಲ್ಲವೂ ಒಂದೇ ಕಿಟಕಿಯ ಸರಳಿಗೆ ಜೋತುಬಿದ್ದು ಗಾಳಿಗೆ ಒಂದಕ್ಕೊಂದು ತಾಗುತ್ತಿದ್ದುದನ್ನು ಶಿಕ್ಷಕಿಯೊಬ್ಬರು ಪ್ರಬಂಧವಾಗಿಸಿದರು. ಬೆಂಗಳೂರಿನಿಂದ ಬಂದ ಒಂದು ಕವಿತೆ ಹನ್ನೊಂದು ತಿಂಗಳ ಕರಾರುಪತ್ರದ ಒಕ್ಕಣೆಯಲ್ಲೇ ಇತ್ತು, ಮುಂಗಡದ ಮೊತ್ತ, ಸಾಕ್ಷಿಗಳ ರುಜು ಸಮೇತ. ಇನ್ನೊಬ್ಬ ತರುಣ ಬರೆದದ್ದು ಬಾಗಿಲಲ್ಲೇ ನಿಲ್ಲಿಸಿ ಕೇಳುವ ಪ್ರಶ್ನೆಗಳನ್ನು: ಯಾವೂರು, ತಂದೆಯ ಹೆಸರೇನು, ಮನೆಯಲ್ಲಿ ಮಾಂಸ ಮಾಡ್ತೀರಾ? ಕೊನೆಗೆ ಮನೆ ಖಾಲಿಯಿಲ್ಲ, ನಿನ್ನೆಯೇ ಕೊಟ್ಟಾಯಿತು. ಜಾತಿಯ ಬಗ್ಗೆ ಬರೆಯಿರಿ ಎಂದು ನಾವು ಕೇಳಿರಲಿಲ್ಲ. ಕೇಳಿದ್ದರೆ ಅವರೂ ಭಾಷಣ ಬರೆದಿರುತ್ತಿದ್ದರೋ ಏನೋ. ಸಾಮರಸ್ಯ, ಪರಿಸರ, ಸ್ತ್ರೀಶಕ್ತಿ ಎಂಬ ತಲೆಬರಹಗಳಿಗೆ ಉತ್ತರ ಮೊದಲೇ ಸಿದ್ಧವಿರುತ್ತದೆ. ಕೈಗೆ ಸಿಗುವ ಒಂದು ವಸ್ತು, ಒಂದು ಜಾಗ ಕೊಟ್ಟರೆ ಬರೆಯುವವರು ತಮ್ಮ ಅನುಭವವನ್ನು ಹುಡುಕಲೇಬೇಕಾಗುತ್ತದೆ. ಇಷ್ಟು ವರ್ಷಗಳ ಟಪಾಲು ಓದಿ ನಮಗೆ ಖಾತ್ರಿಯಾಗಿರುವುದು ಇದೊಂದೇ.

ಕಡಲಾಚೆಯ ಕನ್ನಡಿಗರ ಒಂದು ಕ್ರಮವನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಕನ್ನಡ ಸಾಹಿತ್ಯ ರಂಗ ತನ್ನ ವಸಂತ ಸಾಹಿತ್ಯೋತ್ಸವಗಳಿಗೆ ಅಲ್ಲಿನವರಿಂದಲೇ ಬರೆಸಿ ಪುಸ್ತಕ ತರುತ್ತದೆ. ಹಾಸ್ಯಕ್ಕೆ ಮೀಸಲಾದ 'ನಗೆಗನ್ನಡಂ ಗೆಲ್ಗೆ', ಪ್ರಬಂಧಗಳ 'ಮಥಿಸಿದಷ್ಟೂ ಮಾತು' ಹೀಗೆ ಬಂದವು. ಬಿಡಿ ಬರಹಗಳು ಒಂದು ರಟ್ಟಿನ ನಡುವೆ ನಿಂತರೆ ಮುಂದೆ ಹುಡುಕುವವರಿಗೆ ಸಿಗುತ್ತವೆ. ವಾಟ್ಸ್‌ಆ್ಯಪ್ ಸ್ಪರ್ಧೆಯ ಪದ್ಯಕ್ಕೆ ಸಿಗುವುದು ಒಂದು ಡಿಜಿಟಲ್ ಪ್ರಮಾಣಪತ್ರ, ಸಂಜೆಯ ಹೊತ್ತಿಗೆ ಅದೂ ಮೇಲಕ್ಕೆ ಸರಿದುಹೋಗಿರುತ್ತದೆ.

ಇನ್ನು ಆಹ್ವಾನ ಹುಡುಕುವವರಿಗೆ ಒಂದೆರಡು ಮಾತು. ಫಾರ್ವರ್ಡ್ ಆಗುತ್ತ ಬಂದ ಪೋಸ್ಟರಿನಲ್ಲಿ ದಿನಾಂಕವಿರುತ್ತದೆ, ವರ್ಷವಿರುವುದಿಲ್ಲ. ಕಳೆದ ದೀಪಾವಳಿಯ ಕರೆಗೆ ಈ ದೀಪಾವಳಿಗೆ ಕತೆ ಕಳಿಸಿದವರಿದ್ದಾರೆ. ಪತ್ರಿಕೆಯ ಪುಟದಲ್ಲೇ ಪ್ರಕಟಣೆಯನ್ನು ನೋಡಿಕೊಳ್ಳಿ. ಸಂಪಾದಕರು ಯಾರು, ಗೌರವಧನ ಉಂಟೇ, ಪುಸ್ತಕದ ಪ್ರತಿ ಕೊಡುತ್ತಾರೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ನೂರು ಕವಿಗಳ ಸಂಕಲನವೆಂದು ಹೇಳಿ ಕವಿಯಿಂದಲೇ ದುಡ್ಡು ಪಡೆದು, ಹತ್ತು ಪ್ರತಿ ಕೊಳ್ಳಲೇಬೇಕೆನ್ನುವ ಕರೆಗಳು ಹೆಚ್ಚುತ್ತಿವೆ. ಅಂಥಲ್ಲಿ ಕವಿತೆಯನ್ನು ಯಾರೂ ಓದುವುದಿಲ್ಲ, ರಸೀದಿಯನ್ನು ಮಾತ್ರ ಓದುತ್ತಾರೆ.

ಮುಂದಿನ ಸಂಚಿಕೆಗೆ ನಾವು ಕೇಳುತ್ತಿರುವುದು 'ಕೊನೆಯ ಬಸ್ಸು'. ಕವಿತೆಗೆ ಮಿತಿಯಿಲ್ಲ, ಗದ್ಯ ಸಾವಿರದೈನೂರು ಪದ ಮೀರದಿರಲಿ. ಯುನಿಕೋಡ್‌ನಲ್ಲಿದ್ದರೆ ಅನುಕೂಲ, ಕೈಬರಹವಾದರೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ. ಪ್ರವೇಶಧನವಿಲ್ಲ. ಪ್ರಕಟವಾಗದ ಬರಹಗಳಿಗೂ ಉತ್ತರ ಬರೆಯುತ್ತೇವೆ, ತುಸು ತಡವಾಗಬಹುದು.