ಪಾಸ್‌ಬುಕ್ ಯಾರ ಬೀರುವಿನಲ್ಲಿದೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಮಕ್ಕಳನ್ನು ಪಿಯುಸಿಗೆ ಸೇರಿಸುವ ದಿನಗಳಲ್ಲಿ ಪೇಟೆಬೀದಿಯಲ್ಲಿ ನನ್ನನ್ನು ನಿಲ್ಲಿಸಿ ತಾಯಂದಿರು ಕೇಳುವ ಪ್ರಶ್ನೆಗಳು ಎರಡೇ. ಒಂದು, ಸೈನ್ಸೋ ಕಾಮರ್ಸೋ ಎಂಬುದು. ಇನ್ನೊಂದು, "ಟೀಚರೇ, ಸ್ಕಾಲರ್‌ಶಿಪ್ಪಿಗೆ ಮಗಳ ಹೆಸರಲ್ಲಿ ಅಕೌಂಟ್ ಬೇಕಂತೆ. ಯಾವ ಬ್ಯಾಂಕು ಸೇಫು?" ಮೊದಲನೆಯದಕ್ಕೆ ಉತ್ತರ ಹೇಳುವುದು ಕಷ್ಟ. ಎರಡನೆಯದು ಸುಲಭ, ಆದರೆ ನನ್ನ ಉತ್ತರ ಕೇಳಿದವರಿಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಬ್ಯಾಂಕಿನ ಹೆಸರು ಹೇಳುವ ಮೊದಲು ನಾನು ತಿರುಗಿ ಕೇಳುತ್ತೇನೆ: "ಅಕೌಂಟಿಗೆ ಯಾರ ಫೋನ್ ನಂಬರ್ ಕೊಡ್ತೀರಿ?"

"ಅವರಪ್ಪಂದೇ ಕೊಡೋದು. ಇನ್ಯಾರದು ಕೊಡ್ಲಿ?"

ಅಲ್ಲಿಗೆ ಆ ಖಾತೆಯ ಸುರಕ್ಷತೆ ಮುಗಿಯಿತು ಎಂಬುದು ನನ್ನ ವಾದ. ಅಪ್ಪಂದಿರ ಮೇಲೆ ನನಗೇನೂ ಹಗೆ ಇಲ್ಲ. ನನ್ನ ತರಗತಿಯ ಎಷ್ಟೋ ಹುಡುಗಿಯರ ಅಪ್ಪಂದಿರು ಬೆವರು ಸುರಿಸಿ ದುಡಿದು ಮಕ್ಕಳ ಫೀಜು ಕಟ್ಟಿದವರು. ಆದರೂ ಹೇಳುತ್ತೇನೆ, ಹುಡುಗಿಯ ಖಾತೆಗೆ ದೊಡ್ಡ ಅಪಾಯವಿರುವುದು ಬ್ಯಾಂಕಿನಲ್ಲಲ್ಲ, ಮನೆಯಲ್ಲಿ ನಾವು ಮಾಡಿಕೊಂಡಿರುವ ಏರ್ಪಾಡಿನಲ್ಲಿ.

ಬ್ಯಾಂಕಿನ ವಿಷಯವನ್ನು ಮೊದಲು ಮುಗಿಸಿಬಿಡೋಣ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮಾ ನಿಗಮ ಅಂತ ಒಂದಿದೆ. ಬ್ಯಾಂಕು ಮುಳುಗಿದರೆ ಒಬ್ಬ ಗ್ರಾಹಕರಿಗೆ ಇಂತಿಷ್ಟು ಎಂದು ಅದು ಕೊಡುತ್ತದೆ. 1993ರಿಂದ ಆ ಮೊತ್ತ 1 ಲಕ್ಷ ರೂಪಾಯಿ ಇತ್ತು. 2020ರ ಫೆಬ್ರವರಿ 4ರಿಂದ 5 ಲಕ್ಷವಾಯಿತು. ಸರ್ಕಾರಿ ಬ್ಯಾಂಕು, ಖಾಸಗಿ ಬ್ಯಾಂಕು, ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕು ಎಲ್ಲಕ್ಕೂ ಇದು ಅನ್ವಯ. ಆದರೆ ನಮ್ಮ ಊರುಗಳ ಬಸ್‌ಸ್ಟ್ಯಾಂಡಿನ ಸುತ್ತ ಬೋರ್ಡು ಹಾಕಿಕೊಂಡಿರುವ ಪತ್ತಿನ ಸಹಕಾರಿ ಸಂಘಗಳಿಗೆ ಅನ್ವಯವಾಗುವುದಿಲ್ಲ. ಸಂಘ ಬೇರೆ, ಬ್ಯಾಂಕು ಬೇರೆ. "ಅಲ್ಲಿ ಒಂದು ಪರ್ಸೆಂಟ್ ಬಡ್ಡಿ ಜಾಸ್ತಿ, ಡೈರೆಕ್ಟರು ನಮ್ಮ ಭಾವನೇ" ಎನ್ನುವವರಿಗೆ ನಾನು ಕೈಮುಗಿಯುತ್ತೇನೆ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದವರಿಗೂ ತೆಗೆಯಲು ಅವಕಾಶವಿದ್ದದ್ದು 35,000 ರೂಪಾಯಿ ಮಾತ್ರ. ಅದು ಬ್ಯಾಂಕು, ಬೆನ್ನಿಗೆ ವಿಮೆಯಾದರೂ ಇತ್ತು. ಸಂಘಕ್ಕೆ ಅದೂ ಇಲ್ಲ.

ಹಾಗಾಗಿ ಬ್ಯಾಂಕು ಎಂಬ ಹೆಸರಿರುವ, ವಿಮೆಯಿರುವ ಯಾವುದಾದರೂ ಆಗಬಹುದು. ಕಾಲೇಜಿಗೆ ಹತ್ತಿರವಿರಲಿ. ಕನಿಷ್ಠ ಬಾಕಿ ಇಡಬೇಕೆಂಬ ಷರತ್ತಿಲ್ಲದ 'ಮೂಲ ಉಳಿತಾಯ ಖಾತೆ'ಯನ್ನು ಬಾಯಿಬಿಟ್ಟು ಕೇಳಿ. ಕೌಂಟರಿನವರು ತಾವಾಗಿ ಹೇಳುವುದು ಕಡಿಮೆ. ಸ್ಟೇಟ್ ಬ್ಯಾಂಕಿನವರು 2020ರಲ್ಲಿ, ಕೆನರಾ ಬ್ಯಾಂಕಿನವರು 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಕನಿಷ್ಠ ಬಾಕಿಯ ದಂಡವನ್ನೇ ತೆಗೆದರು. ವಿದ್ಯಾರ್ಥಿನಿಯ ಖಾತೆಯಲ್ಲಿರುವುದು ಕೆಲವು ಸಾವಿರ. 5 ಲಕ್ಷದ ವಿಮೆಯ ಮುಂದೆ ಅದೆಷ್ಟರದು? ಬ್ಯಾಂಕು ಮುಳುಗುವ ಚಿಂತೆ ಬಿಡಿ.

ಈಗ ಫೋನಿನ ಮಾತಿಗೆ ಬರುತ್ತೇನೆ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಬ್ಯಾಂಕಿನದೂ ತಪ್ಪಿಲ್ಲ, ನಮ್ಮದೂ ತಪ್ಪಿಲ್ಲ, ಯಾರೋ ಮೂರನೆಯವರು ಖಾತೆಗೆ ಕನ್ನ ಹಾಕಿದರು ಅನ್ನಿ. ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ನಾವು ದೂರು ಕೊಟ್ಟರೆ ನಮಗೆ ಒಂದು ಪೈಸೆ ನಷ್ಟವಿಲ್ಲ, ಬ್ಯಾಂಕೇ ತುಂಬಿಕೊಡಬೇಕು. 4ರಿಂದ 7 ದಿನ ತಡವಾದರೆ ಮೂಲ ಉಳಿತಾಯ ಖಾತೆಯವರು ಹೆಚ್ಚೆಂದರೆ 5,000, ಸಾಮಾನ್ಯ ಉಳಿತಾಯ ಖಾತೆಯವರು 10,000 ಕಳೆದುಕೊಳ್ಳಬೇಕಾಗಬಹುದು. ಅದನ್ನೂ ಮೀರಿದರೆ ಬ್ಯಾಂಕಿನ ಆಡಳಿತ ಮಂಡಳಿ ಮಾಡಿಕೊಂಡ ನೀತಿಯಂತೆ. ಇಡೀ ರಕ್ಷಣೆ ನಿಂತಿರುವುದು ಯಾವುದರ ಮೇಲೆ ನೋಡಿ. ಸಂದೇಶ ಬಂದ ದಿನದ ಮೇಲೆ. ಸಂದೇಶ ಯಾರ ಜೇಬಿನಲ್ಲಿ ಟಿಂಗ್ ಎನ್ನುತ್ತದೋ ಆ ಜೇಬಿನ ಮೇಲೆ.

ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಖಾತೆಯಿಂದ ಹಾಸ್ಟೆಲ್ ಫೀಜಿಗೆಂದು ಇಟ್ಟಿದ್ದ ಹದಿನೆಂಟು ಸಾವಿರ ಹೋಯಿತು. ಬ್ಯಾಂಕಿನ ಸಂದೇಶ ಅದೇ ನಿಮಿಷ ಬಂದಿತ್ತು, ಅವಳ ಅಣ್ಣನ ಫೋನಿಗೆ. ಅಣ್ಣ ಟೆಂಪೋ ಓಡಿಸುವವನು. ದಿನಕ್ಕೆ ನೂರು ಸಂದೇಶ ಬರುವ ಫೋನಿನಲ್ಲಿ ತಂಗಿಯ ಖಾತೆಯದನ್ನು ಆರಿಸಿ ಓದುವ ಪುರಸೊತ್ತು ಅವನಿಗೆಲ್ಲಿ? ಫೀಜು ಕಟ್ಟಲು ಹೋದಾಗ, ಒಂಬತ್ತನೆಯ ದಿನ ಅವಳಿಗೆ ತಿಳಿಯಿತು. ಬ್ಯಾಂಕಿನವರು "ಏಳು ದಿನ ದಾಟಿದೆಯಲ್ಲಮ್ಮ" ಎಂದರು. ಮನೆಯಲ್ಲಿ ಬಂದ ಮಾತು ಮಾತ್ರ ನನಗೆ ಇವತ್ತಿಗೂ ಉರಿಯುತ್ತದೆ: "ಇದಕ್ಕೇ ಹೇಳಿದ್ದು, ಹೆಣ್ಣುಮಕ್ಕಳಿಗೆ ಬ್ಯಾಂಕು ಗೀಂಕು ಬೇಡ ಅಂತ." ಖಾತೆಯನ್ನು ಅವಳ ಕೈಗೆ ಕೊಡಲೇ ಇಲ್ಲ, ಹಣ ಕಳೆದ ಆಪಾದನೆಯನ್ನು ಮಾತ್ರ ಪೂರ್ತಿ ಅವಳ ಕೈಗಿಟ್ಟರು!

ಇನ್ನು ಪಿನ್ನು. ನಮ್ಮ ಮನೆಗಳಲ್ಲಿ ಎಟಿಎಂ ಪಿನ್ ಎಂದರೆ ದೇವರಮನೆಯ ಪ್ರಸಾದದ ಹಾಗೆ, ಎಲ್ಲರಿಗೂ ಹಂಚಬೇಕು. ಅಪ್ಪನಿಗೆ ಗೊತ್ತು, ಅಣ್ಣನಿಗೆ ಗೊತ್ತು, ಪೇಟೆಗೆ ಹೊರಟಿದ್ದಾನೆಂದು ಚಿಕ್ಕಪ್ಪನ ಮಗನಿಗೂ ಗೊತ್ತು. ಮರೆಯಬಾರದೆಂದು ಪಾಸ್‌ಬುಕ್ಕಿನ ಹಿಂದುಗಡೆ ಪೆನ್ಸಿಲಿನಲ್ಲಿ ಬರೆದಿಟ್ಟವರನ್ನೂ ಕಂಡಿದ್ದೇನೆ. ಅದೇ ಸುತ್ತೋಲೆ ಇದಕ್ಕೆ ಒಂದು ಹೆಸರು ಕೊಟ್ಟಿತು: ಗ್ರಾಹಕರ ನಿರ್ಲಕ್ಷ್ಯ. ಪಿನ್ನು, ಪಾಸ್‌ವರ್ಡು ಇನ್ನೊಬ್ಬರಿಗೆ ಕೊಟ್ಟದ್ದರಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಗ್ರಾಹಕರದೇ. ನಾವು ಮನೆಯ ನಂಬಿಕೆ ಎಂದು ಕರೆಯುವುದನ್ನು ಬ್ಯಾಂಕು ನಿರ್ಲಕ್ಷ್ಯ ಎನ್ನುತ್ತದೆ. ಮಗಳಿಗೆ "ನಮ್ಮ ಹತ್ತಿರ ಏನು ಗುಟ್ಟು?" ಎಂದು ಗದರುವವರು ಆಕೆಯ ಕಾನೂನಿನ ರಕ್ಷಣೆಯನ್ನು ತಾವೇ ಕಿತ್ತುಕೊಳ್ಳುತ್ತಿದ್ದಾರೆ.

"ಅವಳಿಗೇನು ಗೊತ್ತಾಗುತ್ತೆ, ಇನ್ನೂ ಚಿಕ್ಕವಳು" ಎಂಬ ಮಾತೊಂದಿದೆಯಲ್ಲ, ಅದಕ್ಕೆ ರಿಸರ್ವ್ ಬ್ಯಾಂಕೇ ಉತ್ತರ ಕೊಟ್ಟಿದೆ. ಹತ್ತು ವರ್ಷ ತುಂಬಿದ ಮಗು ತಾನೇ ಖಾತೆ ತೆರೆದು ತಾನೇ ನಡೆಸಬಹುದೆಂದು 2014ರಲ್ಲಿ ಹೇಳಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಹೇಳಿತು. ಎಷ್ಟು ಹಣದವರೆಗೆ ಎಂಬ ಮಿತಿಯನ್ನು ಬ್ಯಾಂಕುಗಳು ಇಟ್ಟುಕೊಳ್ಳಬಹುದು, ಅಷ್ಟೇ. ಇಷ್ಟಕ್ಕೂ ಅಪ್ಪನ ಫೋನಿನಲ್ಲಿ ಕರೆಂಟ್ ಬಿಲ್ಲು ಕಟ್ಟಿಕೊಡುವವಳು ಯಾರು? ಇದೇ ಚಿಕ್ಕವಳು! ಊರಿನ ಹಣವನ್ನೆಲ್ಲ ದಾಟಿಸಲು ಬುದ್ಧಿ ಬಂದಿದೆ, ತನ್ನದನ್ನು ಇಟ್ಟುಕೊಳ್ಳಲು ಮಾತ್ರ ಬಂದಿಲ್ಲವಂತೆ.

"ಖರ್ಚು ಮಾಡಿಬಿಡ್ತಾಳೆ" ಎನ್ನುತ್ತಾರೆ. ಕಾರ್ಡಿಗೆ ದಿನಕ್ಕೆ ಇಷ್ಟೇ ಎಂಬ ಮಿತಿ ಹಾಕಲು, ಆನ್‌ಲೈನ್ ವ್ಯವಹಾರವನ್ನೇ ಮುಚ್ಚಿಡಲು ಗ್ರಾಹಕರಿಗೆ ಅವಕಾಶ ಕೊಡಬೇಕೆಂದು 2020ರಲ್ಲೇ ನಿಯಮವಾಯಿತು. ಅವಳ ಪಕ್ಕದಲ್ಲಿ ಕುಳಿತು ಅದನ್ನು ಹಾಕಿಸಿ, ಹಾಕುವ ಬೆರಳು ಅವಳದಿರಲಿ. ಬಳೆಗೋ ಗೋಬಿ ಮಂಚೂರಿಗೋ ಐನೂರು ಹಾಳು ಮಾಡಿದರೆ ಮಾಡಲಿ ಬಿಡಿ. ಐನೂರರಲ್ಲಿ ಕಲಿಯುವ ಪಾಠವನ್ನು ಮುಂದೆ ಐದು ಲಕ್ಷದಲ್ಲಿ ಕಲಿಯುವುದು ಒಳ್ಳೆಯದೋ?

ಈ ಮಾತುಗಳ ಹಿಂದೆ ಬಾಯಿಬಿಟ್ಟು ಹೇಳದ ಇನ್ನೊಂದು ಭಯವಿದೆ. ಅದನ್ನೂ ಹೇಳಿಬಿಡುತ್ತೇನೆ. ಕೈಯಲ್ಲಿ ಕಾಸಿದ್ದರೆ ಹುಡುಗಿ ಯಾರ ಜೊತೆಗಾದರೂ ಹೋಗಿಬಿಟ್ಟಾಳು ಎಂಬ ಭಯ. ಮೂವತ್ತು ವರ್ಷದ ಹತ್ತಿರ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು, ಅಂಥ ಪ್ರಸಂಗಗಳನ್ನೂ ಕಂಡಿದ್ದೇನೆ. ಯಾರೂ ಪಾಸ್‌ಬುಕ್ ನೋಡಿಕೊಂಡು ಮನೆ ಬಿಟ್ಟು ಹೋಗಲಿಲ್ಲ. ಆದರೆ ಹೋದ ಕಡೆ ಹೊಡೆತ ತಿಂದು, ಬಸ್ ಚಾರ್ಜಿಗೆ ಗತಿಯಿಲ್ಲದೆ ತಿರುಗಿ ಬರಲಾರದೆ ಉಳಿದವರಿದ್ದಾರೆ. ಹಣವಿಲ್ಲದಿರುವುದು ಹುಡುಗಿಯನ್ನು ಮನೆಯಲ್ಲಿ ಕಟ್ಟಿಹಾಕುವುದಿಲ್ಲ. ಸಿಕ್ಕಿಬಿದ್ದ ಜಾಗದಲ್ಲಿ ಕಟ್ಟಿಹಾಕುತ್ತದೆ.

ತಮಾಷೆಯೆಂದರೆ ನಿಜವಾಗಿ ಕಣ್ಣಿಡಬೇಕಾದ ಖಾತೆ ಎಷ್ಟೋ ಮನೆಗಳಲ್ಲಿ ಮಗನದು. ಅವನ ಪಾಸ್‌ಬುಕ್ ಕೇಳುವವರೇ ಇಲ್ಲ. ಕಾಲೇಜು ಹುಡುಗರನ್ನು ಹಿಡಿದು "ನಿನ್ನ ಅಕೌಂಟು, ಕಾರ್ಡು, ಸಿಮ್ಮು ಕೊಡು, ಐದು ಸಾವಿರ ಕೊಡ್ತೀವಿ" ಎನ್ನುವ ಗುಂಪುಗಳಿವೆ. ಖಾತೆ ಬಾಡಿಗೆಗೆ ಕೊಟ್ಟ ಹಾಗೆ. ಯಾರೋ ನಿವೃತ್ತ ಮೇಷ್ಟ್ರಿಗೆ ಟೋಪಿ ಹಾಕಿ ದೋಚಿದ ಲಕ್ಷಗಟ್ಟಲೆ ಹಣ ಆ ಖಾತೆಯ ಮೂಲಕ ಹಾದುಹೋಗುತ್ತದೆ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. "ನನಗೇನೂ ಗೊತ್ತಿಲ್ಲ ಸಾರ್, ಫ್ರೆಂಡು ಕೇಳಿದ ಕೊಟ್ಟೆ" ಎಂದರೆ ಬಿಟ್ಟುಬಿಡುವುದಿಲ್ಲ. ಕಾವಲು ಬೇಕಿದ್ದಲ್ಲಿ ಹಾಕದೆ, ಬೇಡದಲ್ಲಿ ಹಾಕಿ ಕೂತಿದ್ದೇವೆ.

ಇದು ಹದಿನೇಳರ ಹುಡುಗಿಯ ಮಾತು ಮಾತ್ರ ಎಂದುಕೊಳ್ಳಬೇಡಿ. ನಮ್ಮ ಸ್ಟಾಫ್‌ರೂಮಿಗೆ ಬನ್ನಿ. ತಿಂಗಳಿಗೆ ಅರವತ್ತು ಎಪ್ಪತ್ತು ಸಾವಿರ ಸಂಬಳ ತರುವ ಬಿ.ಎ., ಬಿ.ಇಡಿ. ಮಾಡಿದ ಟೀಚರಮ್ಮಂದಿರಲ್ಲಿ, "ನನ್ನ ಕಾರ್ಡು ಇವರ ಹತ್ರ ಇರುತ್ತೆ, ಪಿನ್ನು ನಂಗೆ ಗೊತ್ತಿಲ್ಲ" ಎಂದು ನಗುತ್ತ, ಅದೊಂದು ಸೌಭಾಗ್ಯವೆಂಬಂತೆ ಹೇಳುವವರಿದ್ದಾರೆ. ಐವತ್ತು ರೂಪಾಯಿಯ ಚೀಟಿ ಬ್ಲೌಸ್ ಪೀಸಿಗೂ ಕೈಚಾಚಬೇಕು. ಇವರೆಲ್ಲ ಹದಿನೇಳರಲ್ಲಿ ಖಾತೆ ನಡೆಸಿದವರಲ್ಲ. ನಮ್ಮ ಅಮ್ಮಂದಿರೇ ವಾಸಿ. ಸಾಸಿವೆ ಡಬ್ಬಿಯಲ್ಲಿ ಮಡಿಸಿಟ್ಟ ನೋಟಿಗೆ ಬಡ್ಡಿ ಬರುತ್ತಿರಲಿಲ್ಲ, ನಿಜ. ಆದರೆ ಆ ಡಬ್ಬಿಯ ಲೆಕ್ಕ ಅವರೊಬ್ಬರಿಗೇ ಗೊತ್ತಿತ್ತು. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿ, ದಿನಕ್ಕೆ ಎರಡಾಣೆಯಾದರೂ ಸರಿ ಎಂದು ಮನೆಬಾಗಿಲಿಗೆ ಬಂದು ಕೂಡಿಸಿಕೊಂಡಿತು. ಕೆನರಾ ಬ್ಯಾಂಕನ್ನು 1906ರಲ್ಲಿ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈಗಳು ಅದಕ್ಕೂ ಮೊದಲೇ ಮಂಗಳೂರಿನಲ್ಲಿ ಹುಡುಗಿಯರಿಗೆಂದು ಶಾಲೆ ತೆರೆದವರು. ಶಾಲೆ ಮೊದಲು, ಬ್ಯಾಂಕು ಆಮೇಲೆ. ನಾವು ಹುಡುಗಿಯನ್ನು ಶಾಲೆಯ ತನಕ ತಂದೆವು, ಬ್ಯಾಂಕಿನ ಕೌಂಟರಿನ ಹತ್ತಿರ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡೆವು.

ತಾಯಂದಿರಿಗೂ ಒಂದು ಮಾತು. ಮೈನರ್ ಖಾತೆಗೆ ಅಪ್ಪನದೇ ಸಹಿ ಬೇಕೆಂದು ಯಾರಾದರೂ ಹೇಳಿದರೆ ನಂಬಿ ತಿರುಗಿ ಬರಬೇಡಿ. ತಾಯಿ ಗಾರ್ಡಿಯನ್ ಆಗಿ ಖಾತೆ ತೆರೆಯಬಹುದು. ಲೇಖಕಿ ಗೀತಾ ಹರಿಹರನ್ 1984ರಲ್ಲಿ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡಿಗೆ ಅರ್ಜಿ ಹಾಕಿ ತಾವೇ ಗಾರ್ಡಿಯನ್ ಎಂದು ಸಹಿ ಮಾಡಿದಾಗ, ತಂದೆಯ ಸಹಿ ತನ್ನಿ ಎಂದು ಅರ್ಜಿ ವಾಪಸು ಬಂತು. ಆಕೆ ಸುಮ್ಮನಾಗಲಿಲ್ಲ. ಸುಪ್ರೀಂ ಕೋರ್ಟಿನ ತನಕ ಹೋದರು. ತಂದೆ ಬದುಕಿರುವಾಗಲೂ ತಾಯಿ ಸಹಜ ಪಾಲಕಳಾಗಬಹುದೆಂಬ ತೀರ್ಪು 1999ರ ಫೆಬ್ರವರಿಯಲ್ಲಿ ಬಂತು. ಹದಿನೈದು ವರ್ಷದ ನಂತರ ಸಿಕ್ಕ ಆ ಹಕ್ಕನ್ನು ನಾವು ಕೌಂಟರಿನಲ್ಲಿ ಹದಿನೈದು ನಿಮಿಷ ನಿಂತು ಕೇಳುವುದಿಲ್ಲ. "ಅವರು ಬಂದ್ಮೇಲೆ ಕಳಿಸ್ತೀನಿ" ಎಂದು ಬಂದುಬಿಡುತ್ತೇವೆ.

ಹದಿನೆಂಟು ತುಂಬುವವರೆಗೆ ಸಿಮ್ ಅವಳ ಹೆಸರಲ್ಲಿ ಸಿಗುವುದಿಲ್ಲ. ಅಲ್ಲಿಯವರೆಗೆ ನಿಮ್ಮ ಹೆಸರಿನ ಸಿಮ್ ಕೊಡಿಸಿ, ಫೋನು ಅವಳ ಹತ್ತಿರವೇ ಇರಲಿ. 1930 ಎಂಬ ಸೈಬರ್ ಸಹಾಯವಾಣಿಯ ಸಂಖ್ಯೆಯನ್ನು ಅದರಲ್ಲಿ ಬರೆದಿಡಲು ಹೇಳಿ. ಹಣ ಹೋಯಿತೆಂದು ತಿಳಿದ ಕೂಡಲೇ ಬ್ಯಾಂಕಿಗೂ ಅಲ್ಲಿಗೂ ಫೋನ್ ಮಾಡಬೇಕು, ಅಣ್ಣ ಮನೆಗೆ ಬರಲಿ ಎಂದು ಕಾಯಬಾರದು. ಏಳನೇ ಕ್ಲಾಸಿನಲ್ಲಿ ಯಾವುದೋ ಯೋಜನೆಗೆಂದು ತೆರೆದು ಮರೆತ ಖಾತೆ ಇದ್ದರೆ ಹುಡುಕಿ. ಸ್ಕಾಲರ್‌ಶಿಪ್ ಹಣ ಹೋಗುವುದು ಆಧಾರ್ ಕೊನೆಗೆ ಜೋಡಣೆಯಾದ ಖಾತೆಗೆ. ನೀವು ಒಂದು ಬ್ಯಾಂಕಿನಲ್ಲಿ ಕಾಯುತ್ತಿರುತ್ತೀರಿ, ಹಣ ಇನ್ನೊಂದರಲ್ಲಿ ಕುಳಿತಿರುತ್ತದೆ.

ಹದಿನೆಂಟು ತುಂಬಿದಾಗ ಮೈನರ್ ಖಾತೆಯವರಿಂದ ಬ್ಯಾಂಕು ಹೊಸದಾಗಿ ಸಹಿ ತೆಗೆದುಕೊಳ್ಳುತ್ತದೆ. ಆ ದಿನ ಒಂದು ಗಂಟೆ ರಜೆ ಹಾಕಿಯಾದರೂ ಮಗಳ ಜೊತೆ ಹೋಗಿ. ಫೋನ್ ನಂಬರ್ ಬದಲಿಸುವ ಫಾರಂ ಅವತ್ತೇ ಕೇಳಿ ತೆಗೆದುಕೊಳ್ಳಿ. ಬರೆಯುವುದು ಅವಳೇ ಬರೆಯಲಿ, ತಪ್ಪಾದರೆ ಇನ್ನೊಂದು ಫಾರಂ ಕೊಡುತ್ತಾರೆ. ಪೆನ್ನು ಮಾತ್ರ ಮನೆಯಿಂದ ತೆಗೆದುಕೊಂಡು ಹೋಗಿ. ಬ್ಯಾಂಕಿನ ಪೆನ್ನಿಗೆ ದಾರ ಕಟ್ಟಿರುತ್ತಾರೆ, ಆದರೆ ಅದು ಬರೆಯುವುದಿಲ್ಲ.