ಬೀಗ ಹಾಕಿ, ಕಾರಣವನ್ನೂ ಬರೆದಿಡಿ
ತುಂಬಾ ದಿನದ ಮೇಲೆ ಬರೀತಾ ಇದೀನಿ. ಕಳೆದ ವಾರ ಆಫೀಸಿನಲ್ಲಿ ಆದ ಫಜೀತಿ ಬರೆಸ್ತಾ ಇದೆ ಅನ್ನಿ.

ಕರೆಂಟ್ ಮೀಟರ್ ಓದುವ ಒಂದು ಪುಟ್ಟ ಡಬ್ಬಿ. ಎರಡು ವರ್ಷದ ಹಿಂದೆ ಗಿರಾಕಿಗೆ ಕೊಟ್ಟಿದ್ದು. ಒಂದೇ ಸಾಲಿನ ದೋಷ ಸರಿಮಾಡಿ ಮತ್ತೆ ಬಿಲ್ಡ್ ಮಾಡಿದ್ವಿ. ಅದೇ ಯೋಕ್ಟೋ, ಅವೇ ರೆಸಿಪಿಗಳು. ಆದ್ರೆ ಡಬ್ಬಿ ಮೀಟರ್ ಜೊತೆ ಮಾತೇ ಆಡ್ತಿಲ್ಲ! ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು: ಒಂದು ಲೈಬ್ರರಿಯ ರೆಸಿಪಿಯಲ್ಲಿ ಕಮಿಟ್ ಸಂಖ್ಯೆಯ ಬದಲು 'ಆಟೋರೆವ್' ಅಂತಿದೆ. ಅಂದ್ರೆ, ಬಿಲ್ಡ್ ಮಾಡೋ ದಿನ ಬ್ರಾಂಚಿನಲ್ಲಿ ಯಾವುದು ಹೊಸದೋ ಅದನ್ನೇ ತಾ ಅಂತ. ಬರೆದ ಮಹಾಶಯ ಯಾರಪ್ಪಾ ಅಂತ ನೋಡಿದ್ರೆ... ನಾನೇ :)

'ಪ್ರಿಫರ್ಡ್ ವರ್ಷನ್' ಹಾಕಿದ್ರೆ ಸಾಕಲ್ವಾ ಅಂತೀರಾ? ಅದು ಬರೀ ಇಚ್ಛೆ, ಹಠ ಅಲ್ಲ. ಆ ಆವೃತ್ತಿ ಸಿಗದಿದ್ರೆ ಬಿಟ್‌ಬೇಕ್ ಒಂದು ಎಚ್ಚರಿಕೆ ಕೊಟ್ಟು ಬೇರೆಯದನ್ನು ತಗೊಂಡು ಮುಂದೆ ಹೋಗುತ್ತೆ. ಬಿಲ್ಡ್ ನಿಲ್ಲಲೇಬೇಕು ಅಂದ್ರೆ 2021ರ 3.4ರಲ್ಲಿ ಬಂದ 'ರಿಕ್ವೈರ್ಡ್ ವರ್ಷನ್' ಬಳಸಿ.

ಹಾಗಂತ ಎಲ್ಲಕ್ಕೂ ಬೀಗ ಜಡಿದು ಮರೆಯೋದೂ ತಪ್ಪೇ. ಓಪನ್‌ಎಸ್‌ಎಸ್‌ಎಲ್ 1.1.1ರ ಉಚಿತ ಬೆಂಬಲ 2023ರ ಸೆಪ್ಟೆಂಬರಿನಲ್ಲೇ ಮುಗೀತು. ಅದಕ್ಕೇ ಕಟ್ಟಿಹಾಕಿಕೊಂಡ ಪ್ರಾಜೆಕ್ಟಿಗೆ ಭದ್ರತಾ ಪ್ಯಾಚ್ ಎಲ್ಲಿಂದ ಬರ್ಬೇಕು? ಯಾಕೆ ಕಟ್ಟಿದ್ದು ಅಂತ ಯಾರಿಗೂ ನೆನಪಿಲ್ಲ, ಬಿಚ್ಚೋಕೆ ಎಲ್ಲರಿಗೂ ಭಯ.

ಅದಕ್ಕೇ ನನ್ನ ಮಾತು ಇಷ್ಟೇ. ಬೀಗ ಹಾಕಿ, ಪಕ್ಕದಲ್ಲೇ ಎರಡು ಸಾಲು ಬರೆದಿಡಿ: ಯಾಕೆ ಹಾಕಿದ್ದು, ಯಾವಾಗ ತೆಗೀಬಹುದು. ಎರಡು ವರ್ಷದ ನಂತರ ಅದನ್ನು ಓದೋನು ನೀವೇ ಆಗಿರಬಹುದು.

ನಿಮ್ಮಲ್ಲಿ ಕಾರಣ ಮರೆತ ಬೀಗಗಳು ಎಷ್ಟಿವೆ? ನಿಜ ಹೇಳಿ :)